ಕಮಲ ಬರೆದವರಿಗೆ ಪೂರ್ತಿ ಅಂಕ

ಹೋಳೂರಿನ ಅನಸೂಯಮ್ಮ ಕೋಲಾರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಖಾಯಂ ಅಲ್ಲ. ಮಾರ್ಚಿಗೆ ಮನೆಗೆ ಕಳಿಸುತ್ತಾರೆ, ಮನಸ್ಸಾದರೆ ಜೂನಿಗೆ ಕರೆಯುತ್ತಾರೆ. ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗ ಸೇರಿದ ಕೆಲಸ; ಆ ಮಗಳು ಡಿಗ್ರಿಗೆ ಬಂದರೂ ಇದೇ ಬದುಕು.

ಅಲ್ಲಿ ಉಪಮಾಲಂಕಾರ ಕಲಿಸುವುದೆಂದರೆ ಒಂದು ಅಚ್ಚನ್ನು ಬಾಯಿಪಾಠ ಮಾಡಿಸುವುದು: ‘ಇಲ್ಲಿ ಉಪಮೇಯವಾದ ಮುಖವನ್ನು ಉಪಮಾನವಾದ ಕಮಲಕ್ಕೆ ಹೋಲಿಸಲಾಗಿದೆ.’ ಮನೆಯಲ್ಲಿ ತೆಲುಗೋ ದಖ್ನಿಯೋ ಆಡುವ ಮಕ್ಕಳು ಇದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ.

ಹೋದ ವರ್ಷ ಫೆಬ್ರವರಿಯ ಟೆಸ್ಟಿನಲ್ಲಿ ಅನಸೂಯಮ್ಮ ಪ್ರಶ್ನೆಯ ಸಾಲು ಬದಲಿಸಿದರು: ‘ಸಂತೆ ಮುಗಿದ ಬಯಲಿನಂತೆ ಮನೆ ಬಿಕೋ ಎನ್ನುತ್ತಿತ್ತು.’ ಹತ್ತನೇ ತರಗತಿಗೆ ತರಗತಿಯೇ ಮುಖವನ್ನು ಕಮಲಕ್ಕೆ ಹೋಲಿಸಿಟ್ಟಿತು. ಪ್ರಶ್ನೆಯಲ್ಲಿ ಮುಖವೂ ಇಲ್ಲ, ಕಮಲವೂ ಇಲ್ಲ. ಟೊಮೆಟೊ ಮಂಡಿಯ ಅಫ್ಸರ್ ಸಾಬರ ಮಗಳು ಬುಶ್ರಾ ಮಾತ್ರ ಬೇರೆ ಬರೆದಿದ್ದಳು: ‘ಸಂತೆ ಆದಮೇಲೆ ಕೊಳೆತ ಟೊಮೆಟೊ, ನಾಯಿ ಬಿಟ್ಟರೆ ಯಾರೂ ಇರಲ್ಲ. ನಾನಿ ಅಂದ್ರೆ ನಮ್ಮಜ್ಜಿ ತೀರಿಕೊಂಡ ಮೇಲೆ ನಮ್ಮ ಮನೆ ಹಂಗೇ ಇತ್ತು.’

ಅವಳಿಗೆ ಪೂರ್ತಿ ಅಂಕ, ಉಳಿದವರಿಗೆ ಸೊನ್ನೆ. ಮಾರನೆಯ ದಿನ ಶಾಲೆಯ ಕಾರ್ಯದರ್ಶಿ ಕೋದಂಡರಾಮಪ್ಪ ಕರೆಸಿದರು.

“ಏನ್ ಮೇಡಂ, ಸೊನ್ನೆ ಹಂಚಿದೀರಂತೆ, ಪ್ರಸಾದ ಹಂಚ್ದಂಗೆ? ಪೇರೆಂಟ್ಸು ನನ್ನ ತಲೆ ತಿಂತಾವ್ರೆ.”

“ಮಕ್ಕಳಿಗೆ ಅರ್ಥ ಆಗಿಲ್ಲ ಸಾರ್. ಅದು ಗೊತ್ತಾಗ್ಲಿ ಅಂತ್ಲೇ ಸಾಲು ಬದಲಾಯಿಸ್ದೆ.”

“ಅರ್ಥ ತಗೊಂಡು ಏನ್ ಮಾಡ್ತೀರಿ? ಬೋರ್ಡ್ ಪರೀಕ್ಷೇಲಿ ನಿಮ್ಮ ಸಂತೆ ಬರುತ್ತಾ? ಆ ಹುಡುಗೀದೂ ತಪ್ಪೇ. ಉಪಮೇಯ ಎಲ್ಲಿ, ಉಪಮಾನ ಎಲ್ಲಿ?”

“ಮನೆ ಉಪಮೇಯ, ಸಂತೆ ಬಯಲು ಉಪಮಾನ. ಎರಡೂ ಇದೆ ಸಾರ್. ಹೆಸರು ಹಾಕಿಲ್ಲ ಅಷ್ಟೆ.”

“ಹೆಸರಿಗೇ ಅಲ್ವಾ ಮೇಡಂ ಮಾರ್ಕ್ಸು? ಕಮಲ ಕೊಟ್ಟು ಇನ್ನೊಂದ್ಸಲ ಬರೆಸಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಜೂನಿಗೆ ಬೇರೆಯವರನ್ನ ನೋಡ್ಕೋತೀವಿ.”

ಹೋಲಿಕೆಯೆಂದರೆ ಕಣ್ಣಾರೆ ಕಂಡ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು. ಉಪಮೇಯ, ಉಪಮಾನ ಎಂಬ ಹೆಸರುಗಳು ಬಂದದ್ದು ಆಮೇಲೆ, ಹಾಗೆ ನೋಡಿದ್ದನ್ನು ಗುರುತಿಸಲಿಕ್ಕೆ. ನಮ್ಮ ಶಾಲೆಗಳಿಗೆ ಹೆಸರು ಸಾಕು. ಮಗು ಏನು ಕಂಡಿತು ಎಂದು ಕೇಳಲು ಪುರುಸೊತ್ತಿಲ್ಲ.

ಅನಸೂಯಮ್ಮ ಬೋರ್ಡಿನ ಮೇಲೆ ಕಮಲದ ಸಾಲು ಬರೆದದ್ದೇ ತಡ, ತಲೆಗಳು ಬಗ್ಗಿದವು. ಬುಶ್ರಾ ಮಾತ್ರ ಎದ್ದು ನಿಂತಳು.

“ಮಿಸ್, ನಾನು ಬರ್ದಿದ್ದು ತಪ್ಪಾ?”

“ತಪ್ಪಲ್ಲ ಕಣೇ. ಈಗ ಇದನ್ನ ಬರಿ.”

ಬರೆದಳು, ಒಂದಕ್ಷರ ಆಚೀಚೆ ಇಲ್ಲದೆ. ಎಲ್ಲರಿಗೂ ಪೂರ್ತಿ ಅಂಕ. ಜೂನಿಗೆ ಅನಸೂಯಮ್ಮನಿಗೆ ಕರೆಯೂ ಬಂತು. ಬುಶ್ರಾ ಪಿಯುಸಿಗೆ ಸೇರುವಾಗ ಕನ್ನಡ ಬಿಟ್ಟು ಹಿಂದಿ ತೆಗೆದುಕೊಂಡಳು.