ಆತೆಯ ಭಾನುವಾರಗಳು

ಇವತ್ತು ಭಾನುವಾರ. ಫ್ಲ್ಯಾಟ್ ಬುಷ್‌ನ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಮನೆಯಿಂದ ಬೆಳ್ಳುಳ್ಳಿ ಹುರಿದ ವಾಸನೆ ಬಂತು. ಬರೀ ಬೆಳ್ಳುಳ್ಳಿಯಾಗಿದ್ದರೆ ನಮ್ಮ ಅಡುಗೆಮನೆಯದೇ ಎಂದುಕೊಳ್ಳುತ್ತಿದ್ದೆ. ಅದರ ಬೆನ್ನಿಗೇ ವಿನೆಗರ್ ಕುದಿಯುವ ಹುಳಿ ಘಾಟು ಬಂದು ಮೂಗಿಗೆ ತಾಗಿತು. ಕೈಯಲ್ಲಿದ್ದ ದಿಂಬಿನ ಗವಸನ್ನು ಹಾಗೇ ಹಿಡಿದು ನಿಂತುಬಿಟ್ಟೆ. ನಿಮಗೂ ಹೀಗಾಗಿರಬೇಕು. ಕೆಲವು ವಾಸನೆಗಳು ಒಂಟಿಯಾಗಿ ಬರುವುದಿಲ್ಲ, ಯಾರನ್ನಾದರೂ ಜೊತೆಗೆ ಕರೆತರುತ್ತವೆ. ಈ ವಾಸನೆ ಮರಿಸೆಲ್‌ಳನ್ನು ಕರೆತಂದಿತು.

ಓದಲು ಈ ದೇಶಕ್ಕೆ ಬಂದ ಹೊಸತರಲ್ಲಿ ನಾನು ಇದೇ ನಗರದ ತಕಾನಿನಿಯ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಮರಿಸೆಲ್ ಅಲ್ಲಿ ನನ್ನ ಫ್ಲ್ಯಾಟ್‌ಮೇಟ್. ಫಿಲಿಪೀನ್ಸಿನ ಯಾವುದೋ ಸಣ್ಣ ದ್ವೀಪದವಳು. ನಗರದಾಚೆ, ಹೊಲಗಳ ನಡುವಿನ ಪುಕೆಕೊಹೆಯ ತರಕಾರಿ ಶೆಡ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡಾಗ, ಹಿರಿಮಗಳು ಎಂಬ ಒಂದೇ ಕಾರಣಕ್ಕೆ ಹೊರದೇಶಕ್ಕೆ ಹೊರಟವಳು. ಅಮ್ಮನ ಔಷಧಿ, ತಮ್ಮನ ದೋಣಿ, ಕೊನೆಯ ತಂಗಿಯ ನರ್ಸಿಂಗ್ ಓದು ಎಲ್ಲವೂ ಅವಳ ಸಂಬಳದಲ್ಲೇ ನಡೆಯುತ್ತಿತ್ತು. ಮನೆಯವರು ಅವಳನ್ನು ‘ಆತೆ’ ಎನ್ನುತ್ತಿದ್ದರು. ಕೇಳಿ ಕೇಳಿ ನಾನೂ ಹಾಗೇ ಕರೆಯತೊಡಗಿದೆ. ಗದಗಿನಲ್ಲಿದ್ದ ನಮ್ಮವ್ವನಿಗೆ ಫೋನಿನಲ್ಲಿ ಅದು ಬೇರೆಯೇ ಆಗಿ ಕೇಳಿಸಿತು.

“ಮದುವೀನ ಆಗಿಲ್ಲ, ಅತ್ತಿ ಎಲ್ಲಿಂದ ಬಂದ್ಲು ನಿನಗ?”

“ಅತ್ತಿ ಅಲ್ಲಬೇ, ಆತೆ. ಅವರ ಭಾಷಾದಾಗ ಅಕ್ಕ ಅಂತ.”

“ಹಂಗಾರ ಅಕ್ಕಾ ಅನ್ನು. ಸುಮ್ನ ನನ್ನ ಎದಿ ಒಡಿಸಬ್ಯಾಡ.”

ಆತೆಗೆ ರಜೆ ಭಾನುವಾರವೊಂದೇ. ಚರ್ಚಿನಿಂದ ಬಂದವಳೇ ಬೆಳ್ಳುಳ್ಳಿ ಹುರಿದು, ವಿನೆಗರಿನಲ್ಲಿ ಕೋಳಿ ಬೇಯಿಸಲು ನಿಲ್ಲುತ್ತಿದ್ದಳು. ಆಮೇಲೆ ಫೋನನ್ನು ರೈಸ್ ಕುಕ್ಕರಿಗೆ ಒರಗಿಸಿ, ಊರಿನವರೊಂದಿಗೆ ಉಣ್ಣಲು ಕೂರುವುದು. ಇಲ್ಲಿ ಮಧ್ಯಾಹ್ನದ ಊಟ, ಅಲ್ಲಿ ಬೆಳಗಿನ ತಿಂಡಿ. ಇಲ್ಲಿ ಕಿಟಕಿಯ ಗಾಜಿಗೆ ಕವಿದ ಮಂಜು, ಅಲ್ಲಿ ಎಳೆಬಿಸಿಲಿಗೆ ಹೊಳೆಯುವ ತೆಂಗಿನ ಗರಿ. ಮಾತು ಹೆಚ್ಚಿರುತ್ತಿರಲಿಲ್ಲ. ಒಮ್ಮೊಮ್ಮೆ ಅಲ್ಲಿ ಎಲ್ಲರೂ ಎದ್ದುಹೋಗಿ ಬರೀ ಮೇಜು, ಅದರಾಚೆ ಬಾಗಿಲು, ಬಾಗಿಲಾಚೆ ನೀಲಿಯ ಒಂದು ಗೆರೆ ಉಳಿಯುತ್ತಿತ್ತು. ಆತೆ ಅದನ್ನೇ ನೋಡುತ್ತ ಉಣ್ಣುತ್ತಿದ್ದಳು. ನಾನೂ ಉಪ್ಪಿಟ್ಟಿನ ತಟ್ಟೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಫೋನಿನಾಚೆಯ ಆ ಮನೆಯ ನಾಯಿಗೆ ನನ್ನ ದನಿಯ ಗುರುತು ಹತ್ತಿ, ನಾನು ಮಾತಾಡಿದರೆ ಬಾಲ ಅಲ್ಲಾಡಿಸುತ್ತಿತ್ತು. ಆ ದಿನಗಳಲ್ಲಿ ನನ್ನ ದನಿ ಕೇಳಿ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಲ್ಲವೆನ್ನಿ.

ಅಂಥ ಒಂದು ಭಾನುವಾರ ಕೊನೆಯ ತಂಗಿ ಬಿಳಿ ಸಮವಸ್ತ್ರ ತೊಟ್ಟು ಪರದೆಯ ಮೇಲೆ ಬಂದಳು. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅವರ ಭಾಷೆಯಲ್ಲಿ ಏನೋ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಮ್ಮ ಕಣ್ಣೊರೆಸಿಕೊಂಡರು. ಆತೆಯೂ ಚಪ್ಪಾಳೆ ತಟ್ಟಿದಳು. ಫೋನ್ ಇಟ್ಟ ಮೇಲೆ ಏನಾಯಿತೆಂದು ಕೇಳಿದೆ.

“ಇನ್ನು ಮನೆ ನಾನು ನೋಡಿಕೊಳ್ತೀನಿ, ನೀನು ಕಳಿಸೋದು ಸಾಕು ಅಂದಳು. ಇನ್ನು ಮೇಲಾದರೂ ನಿನಗೋಸ್ಕರ ಬದುಕು ಅಂದಳು.”

“ಖುಷಿಯ ವಿಷಯ ಅಲ್ಲವಾ?”

“ಹೌದು.” ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. “ಆದರೆ ಸಿಸ್, ನಾಳೆ ಬೆಳಿಗ್ಗೆ ನಾನು ಯಾರಿಗೋಸ್ಕರ ಏಳಲಿ?”

ಎದ್ದಳು, ಕೆಲಸಕ್ಕೂ ಹೋದಳು. ಅವಳ ಕೋಣೆಯ ಮೂಲೆಯಲ್ಲಿ ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಯೊಂದು ಯಾವಾಗಲೂ ಇರುತ್ತಿತ್ತು. ಸೋಪು, ಚಾಕೊಲೇಟು, ತಮ್ಮನ ಮಕ್ಕಳ ಶೂ, ಕಂಡದ್ದನ್ನೆಲ್ಲ ತಂದು ತುಂಬುವುದು ಅಭ್ಯಾಸ. ಈಗಲೂ ತುಂಬುತ್ತಿದ್ದಳು. ತುಂಬಿ, ಅದರ ಪಕ್ಕದಲ್ಲೇ ನೆಲದ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ನೋಡಲಾಗದೆ ಒಮ್ಮೆ ಕೇಳಿದೆ.

“ಆತೆ, ನಿನಗೇನು ಬೇಕು?”

ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಮಾತಾಡಿದಂತೆ ನನ್ನ ಮುಖ ನೋಡಿದಳು. ಕೆಲವು ದಿನ ಕಳೆದ ಮೇಲೆ, ಪಾತ್ರೆ ತೊಳೆಯುತ್ತಿದ್ದವಳು ಹಿಂತಿರುಗದೆ ಹೇಳಿದಳು.

“ಸಮುದ್ರ.”

“ಏನು?”

“ಅವತ್ತು ಕೇಳಿದೆಯಲ್ಲ. ನನಗೆ ಸಮುದ್ರ ಬೇಕು. ಈ ದೇಶದ ಸುತ್ತಲೂ ಅದೇ ಇದೆ. ಇಷ್ಟು ವರ್ಷದಲ್ಲಿ ಒಂದು ಸಲ ಕಾಲು ಸಹ ತೋಯಿಸಿಲ್ಲ.”

ಮುಂದಿನ ಭಾನುವಾರ ಊಟದ ಹೊತ್ತಿಗೆ ನನ್ನ ಹಳೇ ಕಾರು ನಮ್ಮನ್ನು ಒಂದು ದಂಡೆಗೆ ತಲುಪಿಸಿತ್ತು. ಅಲೆಯೇ ಇಲ್ಲದ, ನಿದ್ದೆಹೋದಂಥ ನೀರು. ಆಚೆ, ಮಬ್ಬಿನಲ್ಲಿ ತೇಲುವ ಹಾಗೆ ಕಾಣುವ ದ್ವೀಪಗಳು. ಆತೆ ಪ್ಯಾಂಟು ಅಂಗಿ ಸಮೇತ ಒಳಗೆ ನಡೆದುಬಿಟ್ಟಳು. ಗದಗಿನವಳಾದ ನಾನು ಕೊಡದ ನೀರಿನಾಚೆ ನೀರು ಕಂಡವಳಲ್ಲ. ಪಾದ ಮುಳುಗುವಷ್ಟರಲ್ಲೇ ನಿಂತೆ. ಎದೆಮಟ್ಟಕ್ಕೆ ಹೋದವಳು ಬೆನ್ನ ಮೇಲೆ ಮಲಗಿ ಕೈ ಚಾಚಿದಳು, ಅಷ್ಟೇ. ನೀರು ಅವಳನ್ನು ಹೊತ್ತುಕೊಂಡಿತು. “ಆತೆ!” ಎಂದು ಕೂಗಿದೆ. ಕಿವಿ ನೀರೊಳಗಿದ್ದವಳಿಗೆ ಕೇಳಿಸಲಿಲ್ಲ. ಯಾರ ಕರೆಯೂ ತಲುಪದ ಜಾಗದಲ್ಲಿ, ಕಣ್ಣು ಮುಚ್ಚಿ, ಮುಖವನ್ನು ಆಕಾಶಕ್ಕೆ ಒಡ್ಡಿ ಬಹಳ ಹೊತ್ತು ತೇಲುತ್ತಿದ್ದಳು. ನೋಡುತ್ತ ನೋಡುತ್ತ ನನ್ನ ಹೆದರಿಕೆಯೂ ಎಲ್ಲೋ ಕರಗಿತು.

ಹಲ್ಲು ಕಟಕಟಿಸುತ್ತ ಮೇಲೆ ಬಂದಳು. “ಚಳಿ ನಮ್ಮೂರದಲ್ಲ. ಉಪ್ಪು ಮಾತ್ರ ಅದೇ,” ಎಂದಳು. ಅಷ್ಟರಲ್ಲಿ ನನ್ನ ಚೀಲದಲ್ಲಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು, ಊರಿನಿಂದ. ತೆಗೆದು ಚಾಚಿದೆ. ಆತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. “ಕೈ ಒದ್ದೆ,” ಎಂದಳು. ಟವೆಲ್ಲು ಅವಳ ಹೆಗಲ ಮೇಲೆಯೇ ಇತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ಕ್ರಿಸ್‌ಮಸ್ಸಿಗೆ ಊರಿಗೆ ಹೋದಳು. ಇನ್ನು ಅಲ್ಲೇ ಉಳಿಯುತ್ತಾಳೆಂದು ವಿಮಾನ ನಿಲ್ದಾಣದಲ್ಲಿ ನಾನು ಅತ್ತದ್ದೂ ಆಯಿತು. ಹೊಸ ವರ್ಷ ಹಳತಾಗುವ ಮೊದಲೇ ವಾಪಸು ಬಂದಳು. “ಎಲ್ಲರೂ ಪ್ರೀತಿಯಿಂದ ನೋಡಿಕೊಂಡರು. ನೆಂಟರ ಹಾಗೆ. ಒಂದು ಪಾತ್ರೆ ಮುಟ್ಟಲೂ ಬಿಡಲಿಲ್ಲ,” ಎಂದಳು. ದೂರುವ ದನಿಯಾಗಿರಲಿಲ್ಲ ಅದು. ಸ್ವಲ್ಪ ಕಾಲಕ್ಕೆ ಪುಕೆಕೊಹೆಯಲ್ಲಿ ತನಗೊಬ್ಬಳಿಗೇ ಎಂದು ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಳು. ನಾನು ಮದುವೆಯಾಗಿ ಈ ಕಡೆ ಬಂದೆ. ಅವಳನ್ನು ನೋಡಿ ವರ್ಷಗಳೇ ಆಗಿದ್ದವು.

ದಿಂಬಿನ ಗವಸು ಹಿಡಿದು ನಾನಿನ್ನೂ ನಿಂತೇ ಇದ್ದೆ, ಮಗಳು ಹಿತ್ತಲಿಗೆ ಬಂದು ಗಾಳಿ ಮೂಸಿದಳು. “ಸಮ್‌ಥಿಂಗ್ ಸ್ಮೆಲ್ಸ್ ಯಮ್ಮಿ, ಮಮ್.”

“ಕಾರು ಹತ್ತು,” ಎಂದೆ.

“ವೈ? ವೇರ್ ಆರ್ ವಿ ಗೋಯಿಂಗ್?”

“ಪುಕೆಕೊಹೆಗೆ.”

ಫೋನು ಮಾಡದೆಯೇ ಹೋದೆವು. ಬಾಗಿಲು ತೆರೆದಿತ್ತು. ಒಳಗೆ ಶೆಡ್ಡಿನ ಗೆಳತಿಯರ ನಡುವೆ, ನರೆಗೂದಲನ್ನು ಹುಡುಗನ ಹಾಗೆ ಮೋಟಾಗಿ ಕತ್ತರಿಸಿಕೊಂಡ ಮರಿಸೆಲ್ ಸೋಫಾದಲ್ಲಿ ಕೂತು, ಟಿವಿಯ ಕರೋಕೆಗೆ ಮೈಕು ಹಿಡಿದು ಹಾಡುತ್ತಿದ್ದಳು. ಶ್ರುತಿ ಎಲ್ಲೋ, ಅವಳೆಲ್ಲೋ. ಹೇಗಿದ್ದೀಯ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ, ಕೇಳಲಿಲ್ಲ. ನಮ್ಮನ್ನು ಕಂಡು ಅವಳು ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. ನನಗಿಂತ ಮೊದಲು ಮಗಳು ಹೋಗಿ ಕೂತಳು.