ಅಜ್ಜನ ಎಡೆಗೆ ಬಾರದ ಕಾಗೆ

ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಕಾಗೆಯೊಂದು ಬಂದು ಕೂತಿತು. ಟ್ರಾಮ್ ಓಡುತ್ತಿದ್ದ ಕಾಲದ ಮಾಟುಂಗ, ಅಲ್ಲಿನ ನಮ್ಮ ಹಿತ್ತಲು ನೆನಪಾಯಿತು.

ಅಪ್ಪನ ಹೋಟೆಲಿನ ಅಕ್ಕಿ, ಉದ್ದಿನ ಮೂಟೆಗಳು ಹಿತ್ತಲ ಕೋಣೆಯಲ್ಲಿರುತ್ತಿದ್ದವು. ಅಲ್ಲೇ ಒಂದು ಕೇರೆ ಹಾವು ಇಲಿ ಹಿಡಿದುಕೊಂಡು ಬದುಕಿತ್ತು. ಒಂದು ದಿನ ಅದನ್ನು ಕಂಡು ನಾನು ಚೀರಿದೆ. ಅಪ್ಪ ದೊಣ್ಣೆ ಹಿಡಿದು ಬಂದರು.

"ಅದು ಯಾರಿಗೂ ಉಪದ್ರ ಕೊಡುದಿಲ್ಲ ಮಗಾ, ಇರ್ಲಿ ಬಿಡು" ಎಂದರು ಅಜ್ಜಿ.

"ನಾಗ ಆಗಿದ್ರೆ ಮುಟ್ತಿರ್ಲಿಲ್ಲ ಅಮ್ಮ. ಇದು ಕೇರೆ, ದೋಷ ಇಲ್ಲ" ಎಂದ ಅಪ್ಪ ಒಂದೇ ಏಟಿಗೆ ಕೊಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಮೂಟೆಗಳ ತುಂಬ ಇಲಿ. ಅಪ್ಪ ಉದ್ದಿನ ವಡೆಯಲ್ಲಿ ಪಾಷಾಣ ಇಟ್ಟರು. ಸತ್ತ ಇಲಿಗಳನ್ನು ನಾನೇ ಬಾಲ ಹಿಡಿದು ಗೋಡೆಯಾಚೆ ಎಸೆದೆ. ಅವನ್ನು ತಿಂದ ಕಾಗೆಗಳು ಅಲ್ಲೇ ಸತ್ತುಬಿದ್ದವು. ಉಳಿದವು ನಮ್ಮ ಹಿತ್ತಲಿನ ಕಡೆಗೇ ಬರಲಿಲ್ಲ.

ಅಜ್ಜನ ತಿಥಿಯ ದಿನ ಅಜ್ಜಿ ಬಾಳೆಲೆಯಲ್ಲಿ ಅನ್ನವಿಟ್ಟು, ಹೊತ್ತು ಇಳಿಯುವ ತನಕ "ಕಾ, ಕಾ" ಎಂದು ಕರೆದರು. ಒಂದು ಕಾಗೆಯೂ ಬರಲಿಲ್ಲ.

"ಅವರಿಗೆ ನನ್ನ ಮೇಲೆ ಏನೋ ಸಿಟ್ಟುಂಟು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಯುವ ತನಕ ಅವರು ಹಾಗೆಯೇ ನಂಬಿದ್ದರು. ನನಗೆ ಕಾರಣ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಕಿಟಕಿಯ ಕಾಗೆಗೆ ಅನ್ನ ಹಾಕಿದೆ. ಒಂದಗುಳೂ ಬಿಡದೆ ತಿಂದು ಹೋಯಿತು. ನೋಡಲು ಅಜ್ಜಿ ಇಲ್ಲ.