ಮಶೀನಿಗೂ ಜವಾಬು ಕೇಳಿದ ತಾರಾ ಕಾಕು

ಕಚೇರಿಯಾಗಲಿ, ಆಸ್ಪತ್ರೆಯಾಗಲಿ, ಧ್ವನಿ ತಗ್ಗಿಸಿ ಮಾತಾಡುವುದು ತಾರಾ ಕಾಕುಗೆ ಬರುತ್ತಲೇ ಇರಲಿಲ್ಲ. ಭಾಲ್ಕಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತ, ದೂರದ ಊರುಗಳನ್ನು ಕೂಗಿ ಕರೆಯುತ್ತ ವಯಸ್ಸು ಕಳೆದ ಹೆಂಗಸು. ನಿವೃತ್ತಿಯಾದ ಮೇಲೂ ಎದುರಿಗೆ ನಿಂತವರು ಬೀದರಿನಲ್ಲಿದ್ದಾರೆ ಎಂಬಂತೆಯೇ ಮಾತು. ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ. ಆಕೆ ಮಗ ಮಿಲಿಂದನನ್ನು ಗದರಿದರೆ ನಾನು ಬೆಚ್ಚಿಬೀಳುತ್ತಿದ್ದೆ.

ಒಮ್ಮೆ ಓಣಿಗೆ ಕ್ಷಯರೋಗ ತಪಾಸಣೆಯ ವ್ಯಾನು ಬಂತು. ಎದೆಯ ಎಕ್ಸ್‌ರೇ ತೆಗೆದ ಕೂಡಲೇ ಕಂಪ್ಯೂಟರೇ ಅದನ್ನು ಓದಿ, ಅನುಮಾನ ಇದೆಯೋ ಇಲ್ಲವೋ ಹೇಳಿಬಿಡುತ್ತಿತ್ತು. ಕೆಮ್ಮುತ್ತಿದ್ದ ಸೊಸೆಯನ್ನು ಕಾಕು ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಏನೂ ಇಲ್ಲ ಎಂದಿತು ಯಂತ್ರ.

"ಯಾಕ ಇಲ್ಲ ಅಂತದ?" ಎಂದಳು ಕಾಕು.

"ಮಶೀನ್ ನೋಡ್ಯದ್ರಿ," ಎಂದರು ವ್ಯಾನಿನ ಡಾಕ್ಟರು.

"ಮಶೀನ್ ನೋಡ್ಯದ, ಖರೆ. ನೀವು ನೋಡೀರೇನು? ನೋಡಿ ಹೇಳ್ರಿ, ಹೋಗ್ತೇನಿ."

ಹಿಂದೆ ಸಾಲು ಗೊಣಗಿತು. ಕಾಕು ಕುರ್ಚಿ ಬಿಡಲಿಲ್ಲ. ಕೊನೆಗೆ ಡಾಕ್ಟರು ಪರದೆಯನ್ನು ಆಕೆಯತ್ತ ತಿರುಗಿಸಿ, ತಾವೂ ನೋಡಿ, ಶ್ವಾಸಕೋಶ ಸ್ವಚ್ಛವಾಗಿದೆ, ಯಂತ್ರ ಹೇಳಿದ್ದು ಸರಿ ಎಂದು ವಿವರಿಸಿದರು. ಇಷ್ಟು ಹೊತ್ತು ಕೂತು ಸೋತಿರಲ್ಲ ಎಂದು ಸಾಲಿನಲ್ಲಿ ಯಾರೋ ಹಂಗಿಸಿದರು.

"ಅದು ಸುಳ್ಳು ಅನ್ಲಾಕ ಕೂತಿದ್ದಿಲ್ಲ," ಎಂದಳು ಕಾಕು. "ಕೇಳಿದ್ರ ಜವಾಬು ಕೊಡೋರು ಯಾರರ ಅದಾರೋ ಇಲ್ಲೋ, ಅದು ನೋಡ್ಲಾಕ ಕೂತಿದ್ದೆ."

ಹಟಮಾರಿ ಎಂದರು ಜನ. ಹೌದು, ಹಟಮಾರಿಯೇ. ಓಣಿಗೊಬ್ಬರು ಅಂಥವರಿರಬೇಕು ಎಂದು ನಾನು ಈಗಲೂ ವಾದಿಸುತ್ತೇನೆ.

ಮರುವರ್ಷ ವ್ಯಾನು ಮತ್ತೆ ಬಂದಾಗ ಕಾಕುವಿನ ಎಕ್ಸ್‌ರೇಯಲ್ಲೇ ಅನುಮಾನವಿದೆ ಎಂದಿತು ಯಂತ್ರ. ಮೊಮ್ಮಗಳು ಸುಜಾತಾಗೆ ಔರಾದದ ಸಂಬಂಧ ಕುದುರುತ್ತಿದ್ದ ಹೊತ್ತು ಅದು. ಮಿಲಿಂದ ಕಂಗಾಲಾದ.

"ಅವ್ವಾ, ಕಂಪ್ಯೂಟರ್ ಏನ್ ದೇವ್ರೇನು? ಮನಿಗಿ ನಡಿ. ಔರಾದದವ್ರಿಗಿ ಗೊತ್ತಾದ್ರ ಸಂಬಂಧ ಹೋಗ್ತದ."

"ನಿನ್ನ ಹೆಂಡ್ತಿಗಿ ಇಲ್ಲ ಅಂದಾಗ ನಂಬಿದಿ. ನನಗ ಅದ ಅಂದ್ರ ಸುಳ್ಳಾಯ್ತೇನು?"

ಎಕ್ಸ್‌ರೇಯಲ್ಲಿ ನೆರಳು ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ ನೋಡಿದಳು, ಪರೀಕ್ಷೆಗೆ ಕಫ ಕೊಟ್ಟಳು. ಕ್ಷಯವೇ ಆಗಿತ್ತು. ಗುಳಿಗೆಗಳನ್ನು ಬೀದಿಗೆ ಕಾಣುವಂತೆ ಕಿಟಕಿಯಲ್ಲಿಟ್ಟು ನುಂಗಿದಳು.

ಕೆಲವು ವಾರಗಳ ಮೇಲೆ ಔರಾದದವರು ಹೆಣ್ಣು ನೋಡಲು ಬಂದರು. ನೆರೆಯವನೆಂದು ನನ್ನನ್ನೂ ಕೂರಿಸಿದ್ದರು. ಚಹಾ ಬಂತು. ಮಿಲಿಂದ ಕಣ್ಣಲ್ಲೇ ಬೇಡಿಕೊಂಡ. ಕಾಕು ಆ ಕಡೆ ನೋಡಲೇ ಇಲ್ಲ.

"ನನಗ ಟಿ.ಬಿ. ಆಗ್ಯದ್ರಿ. ಗುಳಿಗಿ ನಡದಾವ. ಇನ್ನ ಯಾರಿಗೂ ಹತ್ತೋದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಕೇಳೋದಿದ್ರ ಕೇಳ್ರಿ."

ಅವರು ಏನೂ ಕೇಳಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು, ಕಪ್ಪು ಮುಟ್ಟದೆ ಎದ್ದು ಹೋದರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

"ಮಶೀನಿನ ಮಾತು ಕೇಳಿ ಮನಿ ಮಾನ ಕಳದಿ," ಎಂದು ಮಿಲಿಂದ ಕೂಗಾಡಿದ.

"ಮಶೀನ್ ಖರೆ ಹೇಳ್ತು," ಎಂದಳು ಕಾಕು. "ನನ್ನ ಹೊಟ್ಟ್ಯಾಗ ಹುಟ್ಟಿದಂವ ಸುಳ್ಳು ಹೇಳು ಅಂದಿ. ಯಾರನ್ನ ನಂಬಲಿ, ನೀನೇ ಹೇಳು."

ಮಿಲಿಂದ ತಿಂಗಳುಗಟ್ಟಲೆ ತಾಯಿಯೊಡನೆ ಮಾತು ಬಿಟ್ಟ. ಸುಜಾತಾ ಮಾತ್ರ ಅಂದೇ "ಹೋದ್ರ ಹೋಗ್ಲಿ ಬಿಡು, ಆಜಿ" ಎಂದು ಕಪ್ಪುಗಳನ್ನು ಎತ್ತಿಕೊಂಡು ಹೋಗಿ ತೊಳೆದಳು.

ಕಾಕುವಿನ ಕ್ಷಯ ಪೂರ್ತಿ ವಾಸಿಯಾಯಿತು. ಹೋದ ಚಳಿಗಾಲದಲ್ಲಿ ಹೃದಯ ನಿಂತು ತೀರಿಕೊಂಡಳು. ಓಣಿ ಈಗ ಸಪ್ಪಳವಿಲ್ಲದೆ ತಣ್ಣಗಿದೆ, ನನಗೆ ಅದು ಸೇರುವುದಿಲ್ಲ.

ಮೊನ್ನೆ ಮಿಲಿಂದನಿಗೆ ಕೆಮ್ಮು ಬಿಡಲಿಲ್ಲ. ಬೀದರಿನ ಆಸ್ಪತ್ರೆಗೆ ಜೊತೆಯಲ್ಲಿ ಹೋದೆ. ಅಲ್ಲಿಯೂ ಅಂಥದೇ ಯಂತ್ರ, ಅನುಮಾನವಿದೆ ಎಂದಿತು. ನಡಿ ಮನೆಗೆ ಎನ್ನುತ್ತಾನೆಂದು ನಾನು ಎದ್ದು ನಿಂತೆ. ಅವನು ಏಳಲಿಲ್ಲ.

"ಎಲ್ಲಿ ಅದ, ತೋರಸ್ರಿ ಸಾಹೇಬ್ರ," ಎಂದ ಡಾಕ್ಟರಿಗೆ. "ಕೇಳ್ಲಾಕ ಅವ್ವ ಇಲ್ಲ ಈಗ."